ಮೀನಿನ ಮೇಡಂ

ಕೆಲಸ ಮಾಡಿ ದಣಿದವರನ್ನು ನೋಡಿದ್ದೇನೆ. ನಾನು ಮಾತ್ರ ನನ್ನ ಕೆಲಸ ಏನೆಂಬುದನ್ನು ಮುಚ್ಚಿಟ್ಟು ಮುಚ್ಚಿಟ್ಟು ದಣಿದವಳು. ಹೊಳೆನರಸೀಪುರದ ಅರ್ಚಕರ ಮಗಳು, ಡಾಕ್ಟರಿಕೆಗೆ ಸೀಟು ಸಿಗದೆ ಕರಾವಳಿಗೆ ಹೋಗಿ ಮೀನುಗಾರಿಕೆ ಓದಿ, ತೊಂಬತ್ತರ ದಶಕದಲ್ಲಿ ಅದೇ ಇಲಾಖೆ ಸೇರಿ, ಸುತ್ತಲ ಕೆರೆಗಳಿಗೆ ಮೀನುಮರಿ ಬಿಡಿಸುತ್ತಿದ್ದೆ. ನಮ್ಮ ಮನೆಯೊಳಗೆ ಈರುಳ್ಳಿಗೂ ಪ್ರವೇಶವಿರಲಿಲ್ಲ. ಹಾಗಾಗಿ ಅಪ್ಪ ಬೀದಿಯವರಿಗೆಲ್ಲ ನಾನು ನೀರಾವರಿ ಇಲಾಖೆಯಲ್ಲಿದ್ದೇನೆ ಎಂದುಬಿಟ್ಟಿದ್ದರು. ಮೀನು ಇರುವುದೂ ನೀರಿನಲ್ಲೇ ತಾನೆ ಎಂಬುದು ಅವರ ಸಮಾಧಾನ. ಭಾನುವಾರವೂ ಯಾರಾದರೂ ಬಂದು ನಾಲೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳುವರು. ಮೇಲಿನವರಿಗೆ ಬರೆದಿದ್ದೇವೆ ಎನ್ನುತ್ತಿದ್ದೆ. ಯಾವ ಇಲಾಖೆಗಾದರೂ ಒಪ್ಪುವ ಉತ್ತರ.

ಒಂದು ಬೆಳಿಗ್ಗೆ ಹಳೇಕೋಟೆಯ ತಿಮ್ಮೇಗೌಡರು ಒದ್ದೆ ಗೋಣಿಚೀಲ ಹಿಡಿದು ಬಂದರು. ಅವರ ಕೆರೆಗೆ ನಾನೇ ಮರಿ ಬಿಡಿಸಿದ್ದೆ. ಅಪ್ಪ ಜಗಲಿಯಲ್ಲಿ ಕೂತಿದ್ದರು.

"ಮೀನಿನ ಮೇಡಂ ಮನೆ ಇದೇ ಅಲ್ವಾ ಸಾ? ಮೊದಲ್ನೇ ಫಸಲು, ಅವ್ರಿಗೇ ಕೊಡವಾ ಅಂತ ತಂದಿವ್ನಿ."

ಬೀದಿಗೆಲ್ಲ ಕೇಳಿಸಿತು. ಚೀಲದಿಂದ ದೊಡ್ಡ ಕಾಟ್ಲಾ ಮೀನೊಂದು ಮೂತಿ ಹೊರಗಿಟ್ಟಿತ್ತು. ಅಮ್ಮ ಅಡಿಗೆಮನೆ ಬಾಗಿಲು ಹಾಕಿಕೊಂಡಳು. ನಾನು ಜಗಲಿಗೆ ಓಡಿಬಂದೆ. ಅಪ್ಪ ಮೀನನ್ನೇ ದಿಟ್ಟಿಸಿ, ಬಿಡುವಾಗ ಎಷ್ಟಿತ್ತು ಎಂದು ಕೇಳಿದರು. ಗೌಡರು ಕಿರುಬೆರಳು ತೋರಿಸಿದರು.

"ಅಷ್ಟನ್ನ ಇಷ್ಟು ಮಾಡಿದ್ದಾಳಾ ನಮ್ಮ ಹುಡುಗಿ?" ಎಂದರು ಅಪ್ಪ, ಮೆಲ್ಲಗೆ. ಆಮೇಲೆ, ನಮ್ಮಲ್ಲಿ ತಿನ್ನುವ ಪದ್ಧತಿಯಿಲ್ಲ, ಮಕ್ಕಳಿಗೆ ಮಾಡಿಹಾಕಿ ಎಂದು ಹೇಳಿ, ಗೌಡರನ್ನು ಕೂರಿಸಿ ಕಾಫಿ ಕೊಡಿಸಿ ಕಳಿಸಿದರು. ಅಂದಿನಿಂದ ನಮ್ಮ ಬೀದಿಯಲ್ಲಿ ನೀರಾವರಿ ಇಲಾಖೆ ರದ್ದಾಯಿತು. ತೀರ್ಥ ಕೊಡುತ್ತಾ ಕೊಡುತ್ತಾ ಅಪ್ಪ ಭಕ್ತರಿಗೆ ಕಾಟ್ಲಾ, ರೋಹು ಮೀನುಗಳ ವ್ಯತ್ಯಾಸ ವಿವರಿಸತೊಡಗಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಬಡ್ತಿ ಬಂತು. ಮತ್ತೆ ಕರಾವಳಿಗೆ. ಸಿಗಡಿ ಸಾಕುವ ಕೊಳದ ನೀರನ್ನು ಶುದ್ಧಮಾಡಿಯೇ, ಹೊಳೆ ಕಡಲು ಸೇರುವ ಅಳಿವೆಗೆ ಬಿಡುವ ಹೊಸ ಪದ್ಧತಿಯನ್ನು ಊರೂರಿಗೆ ಕಲಿಸುವ ಕೆಲಸ. ಓದುವಾಗ ಇಂಥ ಕೆಲಸಕ್ಕಾಗಿ ಹಂಬಲಿಸಿದ್ದೆ. ಈಗ ಮಂಡಿನೋವು, ಬಾಡಿಗೆ ಕೋಣೆ, ಬೆವರು ನೆನೆದೇ ಸುಸ್ತಾಯಿತು. ಅಪ್ಪನಿಗೆ ವಯಸ್ಸಾಗಿದೆ, ಬಿಟ್ಟು ಹೋಗಲಾರೆ ಎಂದು ಆಫೀಸಿನ ಸಾಹೇಬರಿಗೆ ಕಣ್ಣು ಒದ್ದೆ ಮಾಡಿಕೊಂಡೇ ಹೇಳಿ ಮನೆಗೆ ಬಂದೆ. ಬಡ್ತಿಯ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಅಪ್ಪ ನನ್ನ ಹೆಸರಲ್ಲಿ ಅರ್ಚನೆ ಮುಗಿಸಿ, ಬೀದಿಗೆಲ್ಲ ಸಜ್ಜಿಗೆ ಹಂಚುತ್ತಿದ್ದರು.

"ನನ್ನ ನೆಪ ಹೇಳ್ಕೊಂಡು ಇಲ್ಲೇ ಕೂತ್ಬಿಡ್ತೀಯೇನೋ ಅಂತ ಭಯ ಇತ್ತಮ್ಮ."

ಛೆ, ಹಾಗೆಲ್ಲ ಮಾಡ್ತೀನೇನಪ್ಪ ಎಂದೆ. ನಾಳೆ ಸಾಹೇಬರ ಮುಂದೆ ಅಪ್ಪನನ್ನು ಹೇಗೆ ಹರೆಯದವರನ್ನಾಗಿ ಮಾಡಲಿ ಎಂದು ಯೋಚಿಸುತ್ತಾ ಕೈಕಾಲು ತೊಳೆಯಲು ಹೋದೆ.