ತುಳಿಯಿರಿ, ಬೆಳೆಯಿರಿ

ಅನಾಹುತಕ್ಕೆಲ್ಲ ಕಾರಣ ಒಂದು ತೊಗಲಿನ ವಾಷರ್. ಅದನ್ನು ಬಿಚ್ಚಿದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅದೂ ಉಪಕಾರ ಮಾಡುವ ಒಳ್ಳೆಯ ಮನಸ್ಸಿನಿಂದಲೇ.

ವೆಲ್ಡಿಂಗ್ ಅಂಗಡಿಯವನು ಕಾಲಲ್ಲಿ ತುಳಿದು ನೀರೆತ್ತುವ ಪಂಪು ಮಾಡಿದ್ದ. ವಿದೇಶಿ ಸಂಸ್ಥೆ ಊರಿಗೆ ಪುಕ್ಕಟೆ ಹಂಚಿದ್ದ ಎಂಜಿನ್‌ಗಳು ಬಿಡಿಭಾಗ ಸಿಗದೆ ಕೋಳಿಗೂಡಾಗಿದ್ದವು. ಅವನ ಮಾವನ ಹಿಟ್ಟಿನ ಗಿರಣಿಯಲ್ಲಿದ್ದದ್ದೂ ಅದೇ ದಾನದ ಎಂಜಿನ್. ಈಚೆಗೆ ಅದೂ ಉಸಿರೆತ್ತುತ್ತಿರಲಿಲ್ಲ. "ದಾನ ಬೇಡ. ರೈತ ತಾನೇ ಕೊಂಡ್ಕೋಬೇಕು, ಕೆಟ್ರೆ ಇಲ್ಲೇ ರಿಪೇರಿ ಆಗ್ಬೇಕು" ಎಂದು ಅವನು ಸಿಕ್ಕಿದವರಿಗೆಲ್ಲ ಹೇಳಿದ್ದ. ಎಲ್ಲರೂ ತಲೆಯಾಡಿಸಿ, ಪುಕ್ಕಟೆ ಲಾರಿ ಮತ್ತೆ ಯಾವಾಗ ಬರುತ್ತದೆಂದು ಕೇಳಿದ್ದರು.

ಹೆಂಡತಿ ಗಡುವು ಕೊಟ್ಟಿದ್ದಳು. "ಇವತ್ತು ಸಂಜೆಯೊಳಗೆ ಒಂದಾದ್ರೂ ಮಾರಿ. ಇಲ್ಲಾಂದ್ರೆ ಅಂಗಡಿ ಮುಚ್ಚಿ ಅಪ್ಪನ ಗಿರಣಿಗೆ ಹೋಗಿ."

ಗಿರಣಿಯೆಂದರೆ ಅವನಿಗೆ ನಡುಕ. ಮಾವ ಅಳಿಯನನ್ನು ನೋಡುವ ನೋಟಕ್ಕೆ ಕಾಳು ತಾನಾಗಿಯೇ ಹಿಟ್ಟಾಗುವಂತಿತ್ತು.

ಟೊಮೆಟೊ ಬೆಳೆದು ಊರಿಗೆಲ್ಲ 'ಟೊಮೆಟೊ ಅಕ್ಕ' ಆದವಳ ಬಾವಿಯ ಬಳಿ ಪಂಪು ನಿಲ್ಲಿಸಿ, "ತುಳಿಯಿರಿ, ಬೆಳೆಯಿರಿ" ಎಂಬ ಬೋರ್ಡು ನೆಟ್ಟು, ನೆರೆದ ಜನರೆದುರು ಅವನು ಹತ್ತಿ ತುಳಿಯತೊಡಗಿದ. ಪಂಪು ಮುದುಕನಂತೆ ಕೆಮ್ಮಿತು. ನೀರು ಬರಲಿಲ್ಲ.

"ಪಂಪಿಂದ ನೀರು ಬರುತ್ತೋ, ನಿನ್ನ ಬೆವರೇ ಗಿಡಕ್ಕೆ ಬಿಡೋದೋ?" ಎಂದಳು ಟೊಮೆಟೊ ಅಕ್ಕ.

"ಇವತ್ತು ತುಳಿಯೋಕೆ ಹಗುರಾಗಿರಬೇಕಲ್ಲ?" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಒಳಗೆ ಒಂದು ತೊಗಲಿನ ಚೂರು ಸಿಕ್ಕಿಹಾಕ್ಕೊಂಡಿತ್ತಪ್ಪ. ಬೆಳಗ್ಗೆ ನಾನೇ ತೆಗೆದೆ."

"ಎಲ್ಲಿದೆ ಮೇಷ್ಟ್ರೇ ಅದು?"

"ನಾಯಿ ಕಚ್ಕೊಂಡು ಹೋಯ್ತು."

ನಿಲ್ಲಿಸಿದರೆ ಜನ ಚದುರುತ್ತಾರೆ. ಇನ್ನೊಂದು ವಾಷರ್ ತರಲು ಮೇಷ್ಟ್ರನ್ನೇ ಅಂಗಡಿಗೆ ಓಡಿಸಿ, ಅವನು ತುಳಿಯುತ್ತಲೇ ಇದ್ದ.

ಆಗಲೇ ವಿದೇಶಿ ಸಂಸ್ಥೆಯ ಜೀಪು ಬಂತು. ಒಬ್ಬರು ಮೇಡಂ ಇಳಿದರು. ಅವರ ಹಿಂದೆ, ಪುಸ್ತಕ ಓದಿಯೇ ನಮ್ಮ ಮಾತು ಕಲಿತಿದ್ದ ದುಭಾಷಿ.

"ಇಲ್ಲಿ ಏನು ನಡೆಯುತ್ತಿದೆ?" ಎಂದ ದುಭಾಷಿ.

"ತುಳೀತಿರೋದು," ಎಂದಳು ಟೊಮೆಟೊ ಅಕ್ಕ.

'ತುಳಿತಕ್ಕೊಳಗಾದವರು' ಎಂಬ ಪಾಠವನ್ನು ದುಭಾಷಿ ಬಾಯಿಪಾಠ ಮಾಡಿದ್ದ. ಅವನ ಮುಖ ಬಿಳಿಚಿಕೊಂಡಿತು. "ನಿಮ್ಮ ಮನೆಯಲ್ಲಿಯೂ ತುಳಿಯುತ್ತಾರೆಯೇ?"

"ಇನ್ನೂ ಇಲ್ಲ. ಶುರು ಮಾಡಿದ್ರೆ ಬೆಳಗ್ಗೆ ಅತ್ತೆ ತುಳೀತಾರೆ, ಸಂಜೆ ನನ್ನ ಗಂಡ."

"ಸರ್ಕಾರಕ್ಕೆ ಗೊತ್ತೇ?"

"ನಮ್ಮನೆ ವಿಷಯ ಅವರಿಗ್ಯಾಕೆ?"

ದುಭಾಷಿ ಬೋರ್ಡನ್ನು ಎರಡು ಸಲ ಓದಿ ಮೇಡಂಗೆ ವಿವರಿಸಿದ: ಈ ಊರಲ್ಲಿ ಇನ್ನೊಬ್ಬರನ್ನು ತುಳಿದೇ ಮೇಲೆ ಬರಬೇಕೆಂದು ಬಹಿರಂಗವಾಗಿ ಬರೆದು ಹಾಕಿದ್ದಾರೆ, ಈ ಬಡಪಾಯಿಯನ್ನು ನೀರಿಲ್ಲದ ಯಂತ್ರಕ್ಕೆ ಹತ್ತಿಸಿ ಶಿಕ್ಷೆ ಕೊಡುತ್ತಿದ್ದಾರೆ. ಮೇಡಂ ಕಣ್ಣೊರೆಸಿಕೊಂಡರು. ಇಬ್ಬರೂ ಸೇರಿ ಅವನನ್ನು ಎತ್ತಿ ಇಳಿಸಿದರು.

"ಸಾರ್, ನಾನು ಮಾರೋಕೆ ಅಂತ..."

"ಮಾರಾಟವೂ ನಡೆಯುತ್ತದೆಯೇ?" ದುಭಾಷಿ ಅವನಿಗೆ ಕಂಬಳಿ ಹೊದಿಸಿ, ಬಿಸ್ಕತ್ತಿನ ಡಬ್ಬ ಕೊಟ್ಟು, ಕಾಲಿಗೆ ಹೊಸ ಬೂಟು ತೊಡಿಸಿದ. "ಇನ್ನು ನಿಮ್ಮನ್ನು ಯಾರೂ ತುಳಿಯುವುದಿಲ್ಲ. ಮುಂದಿನ ವಾರ ಮತ್ತೆ ಬರುತ್ತೇವೆ."

ಸಂಜೆ ಅಂಗಡಿಗೆ ಜನ ಮುತ್ತಿಕೊಂಡರು.

"ನನಗೊಂದು ಪಂಪು."

"ನನಗೂ. ವಾಷರ್ ಇಲ್ಲದ್ದೇ ಕೊಡು. ನೀರು ಬಂದುಬಿಟ್ರೆ ಕಂಬಳಿ ಕೊಡಲ್ಲ."

ಅವನು ಹಿಗ್ಗಿ ಬೆಲೆ ಹೇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೆಲೆಯಾ? ಅವರು ಬಂದುಹೋಗೋ ತನಕ ಎರವಲು ಕೊಡಪ್ಪ. ಪುಕ್ಕಟೆ ಕಂಬಳಿಗೆ ಯಾರಾದ್ರೂ ಕಾಸು ಬಿಚ್ತಾರಾ?"

ಹೊತ್ತು ಮುಳುಗುತ್ತಿತ್ತು. ಬಾಗಿಲಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಗ ಜನರನ್ನು ಸರಿಸಿಕೊಂಡು ಮಾವ ಬಂದರು. ಪಂಪನ್ನು ಸುತ್ತು ಹಾಕಿ ನೋಡಿ, ಚೌಕಾಶಿಯನ್ನೂ ಮಾಡದೆ ದುಡ್ಡು ಕೈಗಿಟ್ಟರು.

"ಮಾರಿದೆ ನೋಡೇ," ಎಂದ ಅವನು ಹೆಂಡತಿಗೆ. ಮಾವನ ಕಡೆ ತಿರುಗಿದ. "ಯಾವ ಹೊಲಕ್ಕೆ ಮಾವ?"

"ನನಗೆಲ್ಲಿದೆ ಹೊಲ? ಕೊಳವೆ ಬಿಚ್ಚಿ, ತುಳಿಯೋ ಪೆಡಲನ್ನ ಗಿರಣಿ ಕಲ್ಲಿಗೆ ಜೋಡಿಸ್ಕೊಡು. ನೀನು ಹೇಳಿದ್ದೇ ಸರಿ, ದಾನದ ಎಂಜಿನ್ನಿಗಿಂತ ಕೊಂಡದ್ದೇ ವಾಸಿ."

"ಆಗ್ಲಿ ಮಾವ. ತುಳಿಯೋಕೆ ಯಾರನ್ನ ಇಟ್ಕೋತೀರಿ?"

ಮಾವ ಅಳಿಯನ ಬೂಟುಗಳನ್ನು ಮೆಚ್ಚುಗೆಯಿಂದ ನೋಡಿದರು.

"ಬೆಳಗ್ಗೆ ಬೇಗ ಬಾ," ಎಂದರು. "ಅದನ್ನ ಹಾಕ್ಕೊಂಡೇ ಬಾ."