ಗಂಟೆಯಣ್ಣ ಹತ್ತಿದರೂ ಗಂಟೆ ಹೊಡೆಯಲಿಲ್ಲ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ, ಬಾಯಿ ಬಿಡದೆ ಕೂತ ಒಂದು ಗಂಟೆ.

ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಗಂಟೆಯಣ್ಣನಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ಆರು ಜನರ ಲಿಫ್ಟಿನ ಮಿತಿ ನಾನೂರ ಎಂಟು ಕಿಲೋ. ಅದನ್ನು ಮೀರಿದರೆ ಬಾಗಿಲು ಮುಚ್ಚಬಾರದು, ಗಂಟೆ ಹೊಡೆಯಬೇಕು. ಇದನ್ನು ಪರೀಕ್ಷಿಸಲು ಬೇರೆ ಕಂಪನಿಯವರು ತೂಕದ ಕಲ್ಲು ತರುತ್ತಿದ್ದರು. ಇವರು ಗಂಟೆಯಣ್ಣನನ್ನು ತರುತ್ತಿದ್ದರು. ಮೊದಲು ಕಂಪನಿಯ ನಾಲ್ವರು ಹತ್ತುವರು, ಒಟ್ಟು ಇನ್ನೂರ ಎಪ್ಪತ್ತೆರಡು ಕಿಲೋ. ಆಮೇಲೆ ನೂರ ನಲವತ್ತೆರಡು ಕಿಲೋದ ಗಂಟೆಯಣ್ಣ ಕಾಲಿಟ್ಟನೋ ಇಲ್ಲವೋ, ಹಾವು ತುಳಿದವರಂತೆ ಗಂಟೆ ಕಿರುಚಿಕೊಳ್ಳುತ್ತಿತ್ತು. ಅಡ್ಡಹೆಸರು ಬಂದದ್ದೂ ಹಾಗೇ.

ಏಳು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಅವನ ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿದ್ದರು. ಮೂರು ತಿಂಗಳು ರಜೆ, ನಾಲ್ಕು ತಿಂಗಳು ಗೋದಾಮಿನಲ್ಲಿ ನಟ್ಟು ಬೋಲ್ಟು ವಿಂಗಡಿಸುವ ಕೆಲಸ ಮುಗಿಸಿ, ಇವತ್ತೇ ಮತ್ತೆ ಸೈಟಿಗೆ ಹೊರಟಿದ್ದ. ಬೆಳಿಗ್ಗೆ ತೂಕದ ಯಂತ್ರ ತೊಂಬತ್ತೇಳು ತೋರಿಸಿದಾಗ ಹೆಂಡತಿ ಬಗ್ಗಿ ಎರಡು ಸಲ ಓದಿದಳು.

"ಎರಡೇ ಅಂಕಿ ಕಣ್ರೀ! ಮೆಷಿನ್ ಕೆಟ್ಟಿಲ್ಲ ತಾನೇ?"

"ಬೇಕಾದ್ರೆ ನೀನೂ ಹತ್ತಿ ನೋಡು."

"ಒಳ್ಳೆ ಸುದ್ದಿ ಬಂದಿರೋ ದಿನ, ನಾನ್ಯಾಕೆ ಹತ್ಲಿ?"

ಸುದ್ದಿ ನಿಜಕ್ಕೂ ಒಳ್ಳೆಯದೇ. ಲಿಫ್ಟು ಓಡಾಡುವ ಶಾಫ್ಟಿನ ಒಳಗೆ ಇಳಿದು ಕೆಲಸ ಮಾಡಲು ನೂರು ಕಿಲೋ ಒಳಗಿರಬೇಕು. ಸೊಂಟಕ್ಕೆ ಕಟ್ಟುವ ಬೆಲ್ಟಿನ ತಾಕತ್ತೇ ಅಷ್ಟು. ಹನ್ನೊಂದು ವರ್ಷ ಬೇರೆಯವರ ಕೆಲಸವನ್ನು ನಿಂತು ನೋಡಿದವನಿಗೆ ತಾನೂ ಒಮ್ಮೆ ಸ್ಪ್ಯಾನರ್ ಹಿಡಿಯಬೇಕೆಂಬ ಆಸೆ. ಶಾಫ್ಟ್ ತಂಡಕ್ಕೆ ಸೇರಿಸಿಕೊಳ್ಳಿ ಎಂಬ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಇವತ್ತು ಫೋರ್‌ಮನ್ ಸಹಿ ಬಿದ್ದರೆ ಜನ್ಮ ಸಾರ್ಥಕ.

ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಹೊಸ ಲಿಫ್ಟಿನಲ್ಲಿ ನಾಲ್ವರು ಹತ್ತಿ ನಿಂತಿದ್ದರು.

"ಅಣ್ಣಾ, ಒಂದು ಸಹಿ..."

"ಮೊದಲು ಹತ್ತಪ್ಪಾ, ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ," ಎಂದ ಫೋರ್‌ಮನ್.

ಗಂಟೆಯಣ್ಣ ಹತ್ತಿದ. ಸದ್ದಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಲಿಫ್ಟು ಐವರನ್ನೂ ಬಹು ಮರ್ಯಾದೆಯಿಂದ ನಾಲ್ಕನೇ ಮಹಡಿಗೆ ಮುಟ್ಟಿಸಿತು.

"ಸೆನ್ಸರ್ ಸತ್ತಿದೆ!" ಎಂದ ಎಲೆಕ್ಟ್ರಿಷಿಯನ್.

"ಅಣ್ಣಾ, ಅದು ನಾನು..."

"ನೀನು ಸುಮ್ನೆ ನಿಂತ್ಕೋ. ಅದೇ ನಿನ್ ಕೆಲಸ."

ಸೆನ್ಸರ್ ಬದಲಾಯಿತು. ಗಂಟೆಯಣ್ಣ ಹತ್ತಿದ, ಇಳಿದ. ವೈರು ಬದಲಾಯಿತು. ಹತ್ತಿದ, ಇಳಿದ. ಬಾಯಿ ತೆರೆದಾಗಲೆಲ್ಲ ಯಾರಾದರೂ "ಏಯ್, ಟಾರ್ಚ್ ಹಿಡಿ" ಎನ್ನುತ್ತಿದ್ದರು. ಅವರ ತಪ್ಪೇನಲ್ಲ. ಅವನು ತೆಳ್ಳಗಾದದ್ದನ್ನು ಎಲ್ಲರೂ ಹೊಗಳಿದವರೇ. ಆದರೆ ಅಳತೆಗೋಲೂ ಗಿಡ್ಡವಾದೀತೆಂದು ಯಾರು ತಾನೇ ಯೋಚಿಸುತ್ತಾರೆ?

ಮಧ್ಯಾಹ್ನ ಅವನು ಮೆಟ್ಟಿಲ ಮೇಲೆ ಕೂತು ಅರ್ಧ ಮೊಟ್ಟೆಯನ್ನು ಇಪ್ಪತ್ತು ಸಲ ಅಗಿಯುತ್ತಿದ್ದಾಗ ಎರಡನೇ ಮಹಡಿಯ ಅಜ್ಜಿ ಇಳಿದು ಬಂದರು.

"ಇಷ್ಟೇನಾ ಊಟ? ಮನೇಲಿ ಜಗಳಾನಾ?"

"ಇಲ್ಲ ಅಜ್ಜಿ, ಡಾಕ್ಟ್ರು ಹೇಳಿದ್ದು."

"ಡಾಕ್ಟ್ರು ಹೇಳ್ತಾರೆ. ಹಸಿಯೋದು ಯಾರಿಗೆ?"

ಅತ್ತ ಫೋರ್‌ಮನ್‌ಗೆ ಉಪಾಯ ಹೊಳೆದಿತ್ತು. ಗಂಟೆಯಣ್ಣನನ್ನು ಆ ನಾಲ್ವರ ಜೊತೆ ಲಿಫ್ಟಿನಲ್ಲಿ ನಿಲ್ಲಿಸಿಕೊಂಡೇ ಮಿತಿಯನ್ನು ತಿರುಪುತ್ತ ತಿರುಪುತ್ತ ಇಳಿಸಿದ. ಕೊನೆಗೂ ಗಂಟೆ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಟೆಯಣ್ಣನೊಬ್ಬನೇ ಮುಖ ಹುಳಿ ಮಾಡಿಕೊಂಡ.

ಮೂರಕ್ಕೆ ಬಂದ ಇನ್ಸ್‌ಪೆಕ್ಟರ್ ಕಟ್ಟಡದವರನ್ನೇ ಹತ್ತಿಸಿದರು. ಐದು ಜನ ಹತ್ತಿದರು. ಆರನೆಯವರಾಗಿ ಅಜ್ಜಿ ಕಾಲಿಟ್ಟರು. ಟ್ರಿಣ್!

ಅಜ್ಜಿ ಇಳಿದರು, ಗಂಟೆ ನಿಂತಿತು. ಹತ್ತಿದರು, ಟ್ರಿಣ್!

"ನನ್ನ ದಪ್ಪ ಅಂತಿದ್ಯಾ ಈ ಡಬ್ಬ? ನಲವತ್ತೊಂಬತ್ತೇ ಕಿಲೋ ನಾನು! ಈ ಲಿಫ್ಟೇ ಬೇಡ, ಕಿತ್ಕೊಂಡ್ಹೋಗಿ!"

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಈ ಲಿಫ್ಟು ಫೇಲಾದರೆ ಫೋರ್‌ಮನ್ ಕೆಂಡವಾಗುತ್ತಾನೆ, ಅರ್ಜಿ ಅದರಲ್ಲೇ ಸುಟ್ಟುಹೋಗುತ್ತದೆ. ಗಂಟೆಯಣ್ಣ ಎರಡೂ ಕೈ ಎತ್ತಿ ಕೂಗಿದ:

"ಲಿಫ್ಟು ಸರಿ ಇದೆ ಸಾರ್! ನಾನೇ ನಲವತ್ತೈದು ಕಿಲೋ ಕಮ್ಮಿಯಾಗಿದೀನಿ!"

ಫೋರ್‌ಮನ್ ಅವನನ್ನು ಅಡಿಯಿಂದ ಮುಡಿವರೆಗೆ, ಮೊದಲ ಸಲ ಕಂಡವನಂತೆ ನೋಡಿದ.

"ಬೆಳಿಗ್ಗೇನೇ ಹೇಳೋಕೇನಾಗಿತ್ತು ನಿಂಗೆ?"

"ಟಾರ್ಚ್ ಹಿಡ್ಕೊಂಡಿದ್ದೆ ಅಣ್ಣ."

ಅಜ್ಜಿ ನಗು ತಡೆಯಲಾರದೆ ಗೋಡೆಗೊರಗಿದರು. ಮಿತಿಯನ್ನು ಮತ್ತೆ ನಾನೂರ ಎಂಟಕ್ಕೆ ಏರಿಸಿದರು. ಆರೂ ಜನ ನಾಲ್ಕನೇ ಮಹಡಿಗೆ ಹೋಗಿ ಬಂದರು, ಗಂಟೆ ಚಕಾರವೆತ್ತಲಿಲ್ಲ. ಅದೇ ಸಂತೋಷದಲ್ಲಿ ಫೋರ್‌ಮನ್ ಅರ್ಜಿಯನ್ನು ಲಿಫ್ಟಿನ ಗೋಡೆಗೆ ಒತ್ತಿ ಹಿಡಿದು ಸಹಿ ಗೀಚಿದ.

"ಇವತ್ತಿಂದ ನೀನು ಶಾಫ್ಟ್ ತಂಡ!"

ಗಂಟೆಯಣ್ಣನ ಕಣ್ಣು ಮಂಜಾಯಿತು. "ಸ್ಪ್ಯಾನರ್ ಕೊಡಿ ಅಣ್ಣ, ಎಲ್ಲಿಂದ ಶುರು ಮಾಡ್ಲಿ?"

"ತಡೀರಿ," ಎಂದರು ಇನ್ಸ್‌ಪೆಕ್ಟರ್. "ಮಿತಿ ಮೀರಿದಾಗ ಗಂಟೆ ಹೊಡೆಯೋದನ್ನ ನಾನಿನ್ನೂ ನೋಡಿಲ್ಲ. ನಿಮ್ಮ ಕಾಗದದಲ್ಲಿ ಪರೀಕ್ಷೆಗೆ ನಾನೂರ ಹದಿನಾಲ್ಕು ಕಿಲೋ ಭಾರ ಅಂತಿದೆ."

ಫೋರ್‌ಮನ್ ಹೊರಗಿದ್ದ ಮರಳಿನ ರಾಶಿಯತ್ತ ಕೈ ತೋರಿಸಿದ. "ನಲವತ್ತೈದು ಕಿಲೋ ತೂಗಿ ಚೀಲಕ್ಕೆ ತುಂಬು. ಹೊತ್ಕೊಂಡು ಲಿಫ್ಟಲ್ಲಿ ನಿಂತ್ಕೋ."

"ನಾನಾ?"

"ಪರೀಕ್ಷೆಯ ಭಾರ ಹೊರೋದು ಶಾಫ್ಟ್ ತಂಡಕ್ಕೆ ಹೊಸದಾಗಿ ಸೇರಿದವನ ಕೆಲಸ. ಮೊದಲಿಂದಲೂ ಅದೇ ನಿಯಮ."

"ಮತ್ತೆ ಇಷ್ಟು ವರ್ಷ ಯಾರೂ ಹೊತ್ತಿದ್ದನ್ನ ನಾನು ನೋಡ್ಲೇ ಇಲ್ವಲ್ಲ!"

"ಇಷ್ಟು ವರ್ಷ ನೀನಿದ್ಯಲ್ಲೋ!"

ಏಳು ತಿಂಗಳು ಅರೆಹೊಟ್ಟೆಯಲ್ಲಿ ಇಳಿಸಿದ್ದನ್ನೆಲ್ಲ ಗಂಟೆಯಣ್ಣ ಏಳು ನಿಮಿಷದಲ್ಲಿ ಬೆನ್ನಿಗೇರಿಸಿಕೊಂಡ. ಏದುಸಿರು ಬಿಡುತ್ತ, ಬೆಳಗಿನ ನಾಲ್ವರು ಮತ್ತೆ ಹತ್ತಿ ನಿಂತಿದ್ದ ಲಿಫ್ಟಿಗೆ ಕಾಲಿಟ್ಟ. ಗಂಟೆ ಹಳೆಯ ಗೆಳೆಯನನ್ನು ಕಂಡಂತೆ ಕಿರುಚಿಕೊಂಡಿತು. ಇನ್ಸ್‌ಪೆಕ್ಟರ್ ಪಾಸೆಂದು ಬರೆದರು. ಅವನು ಹೊರಗೆ ಬಂದು ಚೀಲವನ್ನು ಧೊಪ್ಪೆಂದು ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡ. ಹನ್ನೊಂದು ವರ್ಷ ಇಷ್ಟನ್ನೂ ಹಗಲಿರುಳು ಹೊತ್ತಿದ್ದೆನಲ್ಲ ಎಂದು ಚೀಲವನ್ನೇ ನೋಡುತ್ತ ನಿಂತ.

ಫೋರ್‌ಮನ್ ಪುಸ್ತಕ ತೆರೆದ. "ತೂಕ ಇನ್ನೂ ಇಳೀತಿದ್ಯಾ? ಹಾಗಾದ್ರೆ ಚೀಲಕ್ಕೆ ತಿಂಗಳಿಗೆ ಎರಡು ಕಿಲೋ ಮರಳು ಜಾಸ್ತಿ ಅಂತ ಬರ್ಕೋತೀನಿ."

ಗಂಟೆಯಣ್ಣ ಬೆವರು ಒರೆಸಿಕೊಂಡ.

"ಮೂರು ಅಂತ ಬರ್ಕೊಳ್ಳಿ ಅಣ್ಣ."