ಮೂಲಾ ನಕ್ಷತ್ರಕ್ಕೆ ಮಾವ ಬೇಕಾಗಿದ್ದಾರೆ

ಮೂಲಾ ನಕ್ಷತ್ರದಲ್ಲಿ ಹೆಣ್ಣು ಹುಟ್ಟಿದ ಮನೆಗೆ ಬೇರೆ ನಾಟಕ ಬೇಕಾಗಿಲ್ಲ. ಹೆಣ್ಣು ನೋಡಲು ಬಂದವರೇ ಸಾಕು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಅಂತ ಜನರ ನಂಬಿಕೆ. ನಾನು ಹೊಸದುರ್ಗದಲ್ಲಿ ನರ್ಸ್. ಯಾರ್ಯಾರದೋ ಮಾವಂದಿರನ್ನು ಬದುಕಿಸಿ ಮನೆಗೆ ಕಳಿಸುತ್ತೇನೆ. ಅದನ್ನು ಜಾತಕದಲ್ಲಿ ಬರೆದಿಲ್ಲ, ಏನು ಮಾಡಲಿ?

ಬಜ್ಜಿ

ಹೊಳಲ್ಕೆರೆಯವರು ನೋಡಲು ಬಂದಿದ್ದರು. ಹುಡುಗನ ಅಪ್ಪ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಚ್ಚುತ್ತಾ, "ನಕ್ಷತ್ರ ಯಾವುದ್ರಿ?" ಅಂದರು.

"ಮೂಲಾ" ಅಂದರು ನಮ್ಮಪ್ಪ.

ಬಜ್ಜಿ ಗಂಟಲಲ್ಲೇ ನಿಂತಿತು. ಅವರ ಕಣ್ಣು ಮೇಲಾದವು. ನಾನು ಸೆರಗು ಸಿಕ್ಕಿಸಿ ಓಡಿಹೋಗಿ, ಅವರನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಬಜ್ಜಿ ಹೊರಬಿತ್ತು, ಜೀವ ಉಳಿಯಿತು. ಒಂದು ಒಳ್ಳೆಯ ಮಾತಾದರೂ ಬಂದೀತು ಅಂದುಕೊಂಡೆ.

ಅವರ ಹೆಂಡತಿ ಎದ್ದು ನಿಂತರು: "ನಡೀರಿ ಹೋಗಾಣ. ಇನ್ನೂ ತಾಳಿನೇ ಕಟ್ಟಿಲ್ಲ, ಆಗ್ಲೇ ಮಾವನ್ನ ಗುದ್ದಾಕೆ ಶುರು ಮಾಡ್ಯಾಳೆ!"

ಹಾರ ಹಾಕಿದ ಫೋಟೋ

ಅಂದಿನಿಂದ ಅಪ್ಪ ಮಾವನೇ ಇಲ್ಲದ ಮನೆ ಹುಡುಕತೊಡಗಿದರು. ಹಿರಿಯೂರಿನಲ್ಲಿ ಒಂದು ಸಿಕ್ಕಿತು. ಗೋಡೆಯ ಮೇಲೆ ಹುಡುಗನ ಅಪ್ಪನ ಫೋಟೋ, ಅದಕ್ಕೆ ಹಾರ. ಅದನ್ನು ನೋಡಿದ್ದೇ ತಡ, ಪಾಪ, ನಮ್ಮಪ್ಪ ಸಂತೋಷ ತಡೆಯಲಾರದೆ ನಕ್ಕುಬಿಟ್ಟರು.

ಹುಡುಗನನ್ನು ಸಾಕಿದ ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. "ನನ್ನ ತಮ್ಮ ಸತ್ತಿದ್ದಕ್ಕೆ ಇಷ್ಟು ಖುಷಿನೇನ್ರಿ? ಅವನ ಮಗನ್ನ ಸಾಕಿದೋನು ನಾನು. ನಾನೂ ಮಾವನ ಲೆಕ್ಕಕ್ಕೆ ಬರ್ತೀನೇನು?"

"ಜೋಯಿಸರನ್ನ ಕೇಳ್ಕಂಡು ಬರ್ತೀನ್ರಿ" ಅಂದರು ಅಪ್ಪ.

"ಕೇಳಾದು ಬ್ಯಾಡ, ಬರಾದೂ ಬ್ಯಾಡ. ನಂಗಿನ್ನೂ ಬದುಕಾದೈತೆ!"

ಅಪ್ಪ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ನಾನು ನಕ್ಕೆ. ಆದರೆ ಅವತ್ತು ಅವರು ಊಟ ಮಾಡಲಿಲ್ಲ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ನಕ್ಷತ್ರವನ್ನು ನಾನೇನು ಅರ್ಜಿ ಹಾಕಿ ಪಡೆದುಕೊಂಡೆನೇ? ಇನ್ನೊಂದು ಮನೆ ನೋಡೋಣ, ಅದೂ ತಪ್ಪಿದರೆ ಈ ಮದುವೆಯ ಸುದ್ದಿಯೇ ಬೇಡ ಅಂತ ತೀರ್ಮಾನಿಸಿದೆ.

ಒಳಕೋಣೆಯ ದನಿ

ಆ ಇನ್ನೊಂದು ಮನೆ ಚಿತ್ರದುರ್ಗದ್ದು. ಅವರು ಕರೆದರೆಂದು ಅಪ್ಪನ ಜೊತೆ ನಾನೂ ಹೋದೆ. ಹುಡುಗನ ಅಪ್ಪ ಗುಂಡುಕಲ್ಲಿನ ಹಾಗೆ ಎದುರಿಗೇ ಕೂತಿದ್ದರು. ಹುಡುಗ ಹಿಡಿಸಿದ್ದ. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ: "ನಂದು ಮೂಲಾ ನಕ್ಷತ್ರ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬಿಡ್ರಿ."

ನಮ್ಮಪ್ಪ ಕಣ್ಣು ಮುಚ್ಚಿಕೊಂಡರು.

ಹುಡುಗನ ಅಪ್ಪ ತಮ್ಮ ಹೆಂಡತಿಯ ಕಡೆ ಕೈ ತೋರಿಸಿದರು: "ಇವಳದ್ದೂ ಮೂಲಾನೇ ಕಣಮ್ಮ."

"ಹಂಗಾದ್ರೆ ನಿಮ್ಮ ಮಾವ...?" ಅಂತ ಆಕೆಯನ್ನು ಮೆಲ್ಲಗೆ ಕೇಳಿದೆ.

ಅಷ್ಟರಲ್ಲಿ ಒಳಕೋಣೆಯಿಂದ ಮುದಿ ದನಿಯೊಂದು ಗುಡುಗಿತು: "ಏನೇ ಅದು ಗುಸುಗುಸು? ನಂಗೂ ಎರಡು ಬಜ್ಜಿ ತತ್ತಾ! ಖಾರ ಇರ್ಲಿ!"

ಆಕೆ ಎದ್ದು ಬಂದು ನನ್ನ ಭುಜ ತಟ್ಟಿದರು: "ನಮ್ಮ ಮಾವಂಗೆ ತೊಂಬತ್ತು ದಾಟೈತೆ. ನನ್ನೊಬ್ಬಳ ಕೈಲಿ ಆಗ್ಲಿಲ್ಲ ಕಣವ್ವ. ನೀನೂ ಬಾ, ಇಬ್ರೂ ಸೇರಿ ನೋಡಾಣ!"